ಅಗ್ಗದ ಅಡಿಕೆ ಮತ್ತು ಯಾರೂ ನಡೆಸದ ತನಿಖೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ‘ಡಂಪಿಂಗ್’ ಎಂಬುದು ಈಗ ಕನ್ನಡದ ಮಾತೇ ಆಗಿಹೋಗಿದೆ. ರಾಶಿ ಅಡಿಕೆಯ ಧಾರಣೆ ಕ್ವಿಂಟಾಲಿಗೆ ಎರಡು ಸಾವಿರ ಇಳಿದರೆ ಸಾಕು, ಮಂಡಿಯಲ್ಲಿ ಶ್ರೀಲಂಕಾ, ಬರ್ಮಾ, ಇಂಡೋನೇಷ್ಯಾಗಳ ಹೆಸರು ಒಂದರ ಹಿಂದೊಂದು ಬರುತ್ತವೆ. ಆಮದಿನ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆಂದು ಗೊತ್ತಾದ ಮೇಲೆ ದೊಡ್ಡಪ್ಪ ನನ್ನನ್ನು ಕೇಳಿದ್ದೂ ಅದನ್ನೇ: “ಅಲ್ಲ ಮಾರಾಯ, ಚೀನಾ ರೇಷ್ಮೆಗೆ ಸುಂಕ ಹಾಕಿದ ಸರ್ಕಾರ ನಮ್ಮ ಅಡಿಕೆಗೆ ಯಾಕೆ ಹಾಕ್ಲಿಲ್ಲ?”

ಪ್ರಶ್ನೆ ಸಣ್ಣದಲ್ಲ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಂಪಿಂಗ್ ವಿರುದ್ಧ ಮೊದಲ ಕಾನೂನು ಮಾಡಿದ್ದು ಕೆನಡಾ, 1904ರಲ್ಲಿ. ಅಮೆರಿಕದ ಉಕ್ಕಿನ ಕಂಪನಿಗಳು ತಮ್ಮ ದೇಶದಲ್ಲಿ ಒಂದು ಬೆಲೆಗೆ ಮಾರಿ, ಕೆನಡಾಕ್ಕೆ ಅದಕ್ಕಿಂತ ಕಡಿಮೆಗೆ ಕಳಿಸುತ್ತಿವೆ ಎಂಬುದು ಆಗಿನ ದೂರು. ಇವತ್ತಿಗೂ ಕಾನೂನಿನ ತಿರುಳು ಇಷ್ಟೇ. ಹೊರಗಿನ ಮಾಲು ನಮ್ಮದಕ್ಕಿಂತ ಅಗ್ಗವಾಗಿರುವುದು ಡಂಪಿಂಗ್ ಅಲ್ಲ. ಅದು ತನ್ನ ಊರಿನ ಬೆಲೆಗಿಂತ ಅಗ್ಗವಾಗಿ ಇಲ್ಲಿ ಬಂದು ಬಿದ್ದರೆ ಮಾತ್ರ ಡಂಪಿಂಗ್. 1947ರ ಗ್ಯಾಟ್ ಒಪ್ಪಂದದ ಆರನೆಯ ವಿಧಿ ಇದನ್ನೇ ಹೇಳಿತು. ನಮ್ಮ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಸೆಕ್ಷನ್ನೂ ಇದನ್ನೇ ಹೇಳುತ್ತದೆ. ಭಾರತ ಈ ಅಸ್ತ್ರವನ್ನು ನಿಜವಾಗಿ ಕೈಗೆತ್ತಿಕೊಂಡದ್ದು ಉದಾರೀಕರಣ ಬಂದ ಮೇಲೆ, 1992ರಿಂದ ಈಚೆಗೆ, ಅದೂ ಪಿವಿಸಿಯಂಥ ರಾಸಾಯನಿಕ ಸರಕುಗಳಿಂದ ಶುರುಮಾಡಿ.

ಶ್ರೀಲಂಕಾದ ರೈತ ತನ್ನ ಊರಲ್ಲಿ ಸಿಗುವ ಬೆಲೆಗಿಂತ ಕಮ್ಮಿಗೆ ನಮಗೆ ಅಡಿಕೆ ಮಾರುತ್ತಾನೆಯೇ? ಬಹುಶಃ ಇಲ್ಲ. ಅಲ್ಲಿ ಅಡಿಕೆಯೇ ಅಗ್ಗ. ದೂರು ಮೊದಲ ಮೆಟ್ಟಿಲಲ್ಲೇ ಎಡವುವುದು ಹೀಗೆ.

ಎರಡನೆಯ ಮೆಟ್ಟಿಲು ಇನ್ನೂ ಎತ್ತರ. 1995ರ ನಿಯಮಗಳ ಪ್ರಕಾರ ದೂರಿನ ಹಿಂದೆ ನಿಲ್ಲುವ ಉತ್ಪಾದಕರು ದೇಶದ ಒಟ್ಟು ಉತ್ಪಾದನೆಯ ಶೇ. 25ರಷ್ಟಾದರೂ ಇರಬೇಕು, ಪರ, ವಿರೋಧ ಹೇಳಿದವರಲ್ಲಿ ಪರವಾದವರ ಪಾಲು ಅರ್ಧಕ್ಕಿಂತ ಹೆಚ್ಚಿರಬೇಕು. ಖರ್ಚು, ಮಾರಾಟ, ನಷ್ಟ ಎಲ್ಲಕ್ಕೂ ಲೆಕ್ಕಪತ್ರ ಬೇಕು. ನಾಲ್ಕೈದು ಕಾರ್ಖಾನೆಗಳಿರುವ ಉದ್ಯಮಕ್ಕೆ ಇದು ಒಂದು ತಿಂಗಳ ಕೆಲಸ. ಅರ್ಧ ಎಕರೆ, ಒಂದು ಎಕರೆಯ ತೋಟಗಳ ಮಲೆನಾಡಿಗೆ? ಕೊನೆ ತೆಗೆಯುವವನಿಗೆ ಕೊಟ್ಟದ್ದನ್ನು, ಬೋರ್ಡೋ ದ್ರಾವಣದ ಖರ್ಚನ್ನು ಹಳೆಯ ಡೈರಿಯಲ್ಲಿ ಗೀಚಿಟ್ಟುಕೊಂಡವರು ಇದ್ದಾರೆ. ಮನೆಯವರೆಲ್ಲ ರಾತ್ರಿ ಕೂತು ಸುಲಿದ ಅಡಿಕೆಯ ಕೂಲಿ ಮಾತ್ರ ಯಾವ ಡೈರಿಯಲ್ಲೂ ಇಲ್ಲ.

ಹಾಗಾದರೆ ರೇಷ್ಮೆ ಗೆದ್ದದ್ದು ಹೇಗೆ? ರಾಮನಗರದ ಗೂಡು ಬೆಳೆಗಾರರೇನು ದೊಡ್ಡ ಕಾರ್ಖಾನೆಯವರಲ್ಲ. ಆದರೆ ರೇಷ್ಮೆಗೆ ಸರ್ಕಾರದ ಮುಂದೆ ಸಾಕ್ಷಿ ಹೇಳಿದ ಹಳೆಯ ಅನುಭವವಿತ್ತು. ಜಪಾನಿನ ಅಗ್ಗದ ರೇಷ್ಮೆಯಿಂದ ಮೈಸೂರು ಸಂಸ್ಥಾನ ಕಂಗೆಟ್ಟಾಗ, 1933ರಲ್ಲಿ, ಇಂಡಿಯನ್ ಟ್ಯಾರಿಫ್ ಬೋರ್ಡ್ ರೇಷ್ಮೆ ಉದ್ಯಮದ ವಿಚಾರಣೆ ನಡೆಸಿತು. ಮರುವರ್ಷ ರಕ್ಷಣಾ ಸುಂಕ ಬಂತು. ಸ್ವಾತಂತ್ರ್ಯದ ನಂತರ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿತು. ಗೂಡಿನ ಬೆಲೆಯಿಂದ ನೂಲು ಬಿಚ್ಚುವ ಖರ್ಚಿನವರೆಗೆ ಎಲ್ಲಕ್ಕೂ ಅಂಕಿ ಇಡುವ ಕಚೇರಿ ಅದು. 2003ರಲ್ಲಿ ಚೀನಾದ 2ಎ ದರ್ಜೆ ಮತ್ತು ಅದಕ್ಕಿಂತ ಕೆಳಗಿನ ಹಿಪ್ಪುನೇರಳೆ ಕಚ್ಚಾ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಬಿದ್ದಾಗ ಆ ಎಪ್ಪತ್ತು ವರ್ಷಗಳ ಕಡತವೂ ಕೆಲಸ ಮಾಡಿತ್ತು ಎಂದು ನನ್ನ ಅನಿಸಿಕೆ. ಗೆಲುವು ಶಾಶ್ವತವೇನೂ ಆಗಿರಲಿಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೂಲ ಸುಂಕವನ್ನೇ ಶೇ. 30ರಿಂದ 5ಕ್ಕೆ ಇಳಿಸಿದರು.

ಅಡಿಕೆಯ ಕಥೆ ಇದಕ್ಕೆ ತಿರುಗಾಮುರುಗಾ. ಬ್ರಿಟಿಷರ ಕಾಲದಲ್ಲಿ ಭಾರತ ಅಡಿಕೆಯನ್ನು ದೊಡ್ಡ ಪ್ರಮಾಣದಲ್ಲಿ ತರಿಸಿಕೊಳ್ಳುತ್ತಿದ್ದ ದೇಶ. ಸಿಲೋನಿನಿಂದ, ಸಿಂಗಪುರ–ಪಿನಾಂಗುಗಳ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. 1949ರಲ್ಲಿ ಭಾರತೀಯ ಕೇಂದ್ರ ಅಡಿಕೆ ಸಮಿತಿ ಹುಟ್ಟಿದಾಗ ಅದರ ಮುಂದಿದ್ದ ದೊಡ್ಡ ಗುರಿ ಸ್ವಾವಲಂಬನೆ. 1956ರಲ್ಲಿ ವಿಟ್ಲದಲ್ಲಿ ಸಂಶೋಧನಾ ಕೇಂದ್ರ ಬಂತು. 1972ರಲ್ಲಿ ಅಲ್ಲಿಂದ ಹೊರಬಂದ ಪ್ರಸಿದ್ಧ ‘ಮಂಗಳ’ ತಳಿಯ ಮೂಲ ಚೀನಾ; ಆಮೇಲಿನ ‘ಸುಮಂಗಳ’ದ್ದು ಇಂಡೋನೇಷ್ಯಾ, ‘ಶ್ರೀಮಂಗಳ’ದ್ದು ಸಿಂಗಪುರ. ಇವತ್ತು ಯಾವ ದಿಕ್ಕಿನ ಅಡಿಕೆ ಬಂತೆಂದು ಗಾಬರಿಯಾಗುತ್ತೇವೋ ಆ ದಿಕ್ಕಿನಿಂದಲೇ ಬೀಜ ತಂದಿದ್ದೆವು! ಸಮಿತಿ 1966ರಲ್ಲಿ ಮುಚ್ಚಿತು. ಅಡಿಕೆಗೆಂದೇ ಬೇರೊಂದು ಮಂಡಳಿ ಉಳಿಯಲಿಲ್ಲ. ಉಳಿದದ್ದು ಸಹಕಾರ ಸಂಘಗಳು: 1939ರ ಮ್ಯಾಮ್ಕೋಸ್, 1973ರ ಕ್ಯಾಂಪ್ಕೊ. ಅವು ಅಡಿಕೆ ಕೊಂಡು ಧಾರಣೆಯನ್ನು ಎತ್ತಿ ಹಿಡಿದವು, ದೆಹಲಿಗೆ ನಿಯೋಗ ಒಯ್ದವು.

ನಿಯೋಗಗಳು ಪಡೆದು ತಂದದ್ದು ತನಿಖೆಯನ್ನಲ್ಲ, ಕನಿಷ್ಠ ಆಮದು ಬೆಲೆಯನ್ನು. ಇದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ. ವಿಚಾರಣೆ ಇಲ್ಲ, ಪಾಟೀಸವಾಲಿಲ್ಲ. ಇಂತಿಷ್ಟಕ್ಕಿಂತ ಕಡಿಮೆ ಬೆಲೆಯ ಮಾಲು ಬರಕೂಡದು, ಅಷ್ಟೇ. ಕಿಲೋಗೆ 2015ರಲ್ಲಿ 162 ರೂಪಾಯಿ, 2017ರಲ್ಲಿ 251, 2023ರ ಫೆಬ್ರವರಿಯಲ್ಲಿ 351. ಕಾಳುಮೆಣಸಿಗೂ 2017ರ ಡಿಸೆಂಬರಿನಲ್ಲಿ 500 ರೂಪಾಯಿ ಎಂದು ಗೆರೆ ಎಳೆದರು.

ಗೆರೆ ಬೇಕಾದದ್ದೇಕೆ ಎಂಬುದು ಮೆಣಸಿನಲ್ಲಿ ಚೆನ್ನಾಗಿ ಕಾಣುತ್ತದೆ. 2000ದ ಮಾರ್ಚಿನಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ವಿಯೆಟ್ನಾಮಿನಿಂದ ನೇರ ಬಂದರೆ ಆಗ ಶೇ. 50ಕ್ಕೂ ಮೇಲಿನ ಸುಂಕವಿತ್ತು. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿ ಲಂಕೆಯ ಮೆಣಸಾಗಿ ಬರುತ್ತದೆಂದು ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಅಡಿಕೆ ಮರಕ್ಕೇ ಬಳ್ಳಿ ಹಬ್ಬಿಸುವ ಊರಿದು. ಎರಡೂ ಬೆಳೆಗೆ ಒಂದೇ ಬಾಗಿಲಿನಿಂದ ಗಾಳಿ ಬೀಸಿತ್ತು. ಆದರೆ ಹುಟ್ಟೂರಿನ ಸುಳ್ಳು ಪ್ರಮಾಣಪತ್ರ ಕಸ್ಟಮ್ಸ್ ಅಪರಾಧ, ಡಂಪಿಂಗ್ ಅಲ್ಲ.

ಗೆರೆ ಎಳೆದ ಕಡೆಯೆಲ್ಲ ಒಂದು ಕಿಂಡಿಯೂ ತೆರೆದುಕೊಂಡಿದೆ. 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿನಿಂದ ವಿನಾಯಿತಿ ಸಿಕ್ಕಿತು. ಮಲೆನಾಡು ಹೊತ್ತಿ ಉರಿಯಿತು. ಇದರಲ್ಲಿ ಗಾಬರಿ ಹೆಚ್ಚಾಯಿತೆಂದೇ ನಾನು ಹೇಳುವುದು. ಹಸಿ ಅಡಿಕೆ ಸುಲಿದು ಒಣಗಿಸಿದರೆ ತೂಕದ ಸಣ್ಣ ಪಾಲಷ್ಟೇ ಉಳಿಯುತ್ತದೆ. ನಿಜವಾದ ಕಿಂಡಿ ‘ಹುರಿದ ಅಡಿಕೆ’. ಹುರಿದದ್ದೆಂದು ಬರೆದರೆ ಸರಕು ಸುಂಕದ ಪಟ್ಟಿಯ ಬೇರೆ ಅಧ್ಯಾಯಕ್ಕೆ ಹೋಗಿ 351ರ ಗೆರೆಯಿಂದ ಪಾರಾಗುತ್ತಿತ್ತು. ಅದನ್ನು ಮುಚ್ಚಲು 2025ರವರೆಗೆ ಕಾಯಬೇಕಾಯಿತು.

ದೊಡ್ಡಪ್ಪನಿಗೆ ಇಷ್ಟನ್ನೂ ಹೇಳಿದೆ. ತನಿಖೆ ಆಗಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತಿತ್ತು ಎಂದೂ ಹೇಳಿದೆ: ಹಾನಿ ಆಗಿದ್ದು ಆಮದಿನಿಂದಲೋ, ಬೇರೆ ಕಾರಣದಿಂದಲೋ? ತನಿಖಾಧಿಕಾರಿ ಇದನ್ನು ಬೇರ್ಪಡಿಸಿ ನೋಡಲೇಬೇಕು. ಶೃಂಗೇರಿ, ಕೊಪ್ಪದ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಮರ ತಿನ್ನುತ್ತಿದೆ. ಇತ್ತ ಧಾರಣೆ ನಿಂತಿದೆಯೆಂಬ ಧೈರ್ಯಕ್ಕೆ ಚನ್ನಗಿರಿ, ದಾವಣಗೆರೆ ಕಡೆಯ ಭದ್ರಾ ನಾಲೆಯ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ; ಅಲ್ಲಿ ಎಕರೆಗೆ ಬರುವ ಇಳುವರಿ ನಮ್ಮ ರೋಗದ ತೋಟಕ್ಕೆ ಎಟುಕುವಂಥದ್ದಲ್ಲ. 351ರ ಗೆರೆ ಅವರಿಗೂ ನಮಗೂ ಒಂದೇ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚನ್ನಗಿರಿಯವರ ಮೇಲೆ ದೂರು ಕೊಡೋಕೆ ಆಗಲ್ವಲ್ಲ” ಎಂದರು. ಆಮೇಲೆ ಚೊಗರಿನ ಹಂಡೆಯ ಒಲೆಗೆ ಇನ್ನೆರಡು ಕುಂಟೆ ತಳ್ಳಿದರು.