ನಟನೆಯಿಂದ ನಿರ್ಮಾಣಕ್ಕೆ: ಕ್ಯಾಂಡಿಡಾ ರೊಯಾಲ್ ಅವರ ವೃತ್ತಿಜೀವನ

ಅಮೆರಿಕದ 1970ರ ದಶಕದ ವಯಸ್ಕರ ಚಿತ್ರಗಳ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಗಮನಿಸಿದ್ದು ಚಿತ್ರಗಳ ಗಳಿಕೆ, ನಿರ್ದೇಶಕರು ಮತ್ತು ಅಶ್ಲೀಲತೆಯ ಮೊಕದ್ದಮೆಗಳನ್ನು. ನಟಿಯರ ದುಡಿಮೆ ಮತ್ತು ನಂತರದ ಬದುಕು ಈ ಬರವಣಿಗೆಯಲ್ಲಿ ಅಂಚಿಗೆ ಸರಿದಿವೆ. ಕ್ಯಾಂಡಿಡಾ ರೊಯಾಲ್ (1950–2015) ಅವರ ವೃತ್ತಿಜೀವನವನ್ನು ದುಡಿಮೆಯ ಚರಿತ್ರೆಯಾಗಿ ಓದುವುದು ಈ ಲೇಖನದ ಉದ್ದೇಶ.

ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರ ಮೂಲ ಹೆಸರು ಕ್ಯಾಂಡಿಸ್ ವಡಾಲಾ. ಕಲೆ, ನೃತ್ಯ, ಸಂಗೀತಗಳಲ್ಲಿ ಪಳಗಿದ್ದ ಅವರು 1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಅಲ್ಲಿನ ಪ್ರಯೋಗಶೀಲ ರಂಗತಂಡಗಳ ಜೊತೆ ಹಾಡಿದರು, ಅಭಿನಯಿಸಿದರು. ರಂಗಭೂಮಿಯಿಂದ ಹೊಟ್ಟೆ ತುಂಬಲಿಲ್ಲ. ರೂಪದರ್ಶಿಯ ಕೆಲಸ ಹುಡುಕಿ ಹೋದಾಗ ವಯಸ್ಕರ ಚಿತ್ರಗಳ ಅವಕಾಶ ಎದುರಾಯಿತು. 1980ರ ಹೊತ್ತಿಗೆ ಅವರು ಸುಮಾರು ಇಪ್ಪತ್ತೈದು ಚಿತ್ರಗಳಲ್ಲಿ ನಟಿಸಿದ್ದರು.

ನಟನೆ ಬಿಟ್ಟ ಮೇಲಿನ ಘಟ್ಟ ಹೆಚ್ಚು ಮಹತ್ವದ್ದು. 1983ರಲ್ಲಿ ರೊಯಾಲ್ ಹಾಗೂ ಸಹನಟಿಯರಾದ ಆ್ಯನಿ ಸ್ಪ್ರಿಂಕಲ್, ವೆರೋನಿಕಾ ಹಾರ್ಟ್, ಗ್ಲೋರಿಯಾ ಲಿಯೊನಾರ್ಡ್ ಮತ್ತು ವೆರೋನಿಕಾ ವೆರಾ ಸೇರಿ ‘ಕ್ಲಬ್ 90’ ಎಂಬ ಬಳಗ ಕಟ್ಟಿಕೊಂಡರು. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂದ 90ನೇ ನಂಬರಿನ ಕಟ್ಟಡದಲ್ಲಿದ್ದ ಸ್ಪ್ರಿಂಕಲ್ ಅವರ ಮನೆಯಲ್ಲಿ ಕೂತು ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. 1984ರಲ್ಲಿ ‘ಫ್ರಾಂಕ್ಲಿನ್ ಫರ್ನೇಸ್’ ಎಂಬ ಕಲಾಕೇಂದ್ರದಲ್ಲಿ ಅದೇ ಕೂಟವನ್ನು ರಂಗಕ್ಕೆ ತಂದರು. ತೆರೆಯ ಮೇಲೆ ಮಾತ್ರ ಕಂಡಿದ್ದ ನಟಿಯರು ತಮ್ಮ ಬದುಕನ್ನು ತಾವೇ ಪ್ರೇಕ್ಷಕರ ಮುಂದೆ ಹೇಳಿಕೊಂಡರು.

ಅದೇ ವರ್ಷ ರೊಯಾಲ್ ‘ಫೆಮ್ ಪ್ರೊಡಕ್ಷನ್ಸ್’ ಸಂಸ್ಥೆಯನ್ನು ಪಾಲುದಾರಿಕೆಯಲ್ಲಿ ಆರಂಭಿಸಿದರು. ವಿಡಿಯೊ ಕ್ಯಾಸೆಟ್ ಬಂದಿದ್ದರಿಂದ, ಗಂಡಸರೇ ತುಂಬಿರುತ್ತಿದ್ದ ಚಿತ್ರಮಂದಿರಕ್ಕೆ ಕಾಲಿಡದೆ ಹೆಂಗಸರು ಮನೆಯಲ್ಲೇ ಇಂಥ ಚಿತ್ರ ನೋಡುವಂತಾಗಿತ್ತು. ಈ ಹೊಸ ಪ್ರೇಕ್ಷಕರಿಗಾಗಿ ಅವರು ಚಿತ್ರದ ವ್ಯಾಕರಣವನ್ನೇ ತಿದ್ದಿದರು. ಪುರುಷನ ಸ್ಖಲನವನ್ನು ಪ್ರತಿ ದೃಶ್ಯದ ಮುಕ್ತಾಯವಾಗಿ ತೋರಿಸುವ ರೂಢಿಯನ್ನು ಕೈಬಿಟ್ಟರು. ಮಾತು, ಸಲಿಗೆ, ಹೆಣ್ಣಿನ ಸುಖಕ್ಕೆ ಜಾಗ ಕೊಟ್ಟರು.

ಆಗ ಸ್ತ್ರೀವಾದಿಗಳಲ್ಲೇ ಇಂಥ ಚಿತ್ರಗಳ ವಿಷಯವಾಗಿ ತೀವ್ರ ಒಡಕಿತ್ತು. ಆಂಡ್ರಿಯಾ ಡ್ವರ್ಕಿನ್ ಮತ್ತು ಕ್ಯಾಥರಿನ್ ಮೆಕಿನನ್ 1983ರಲ್ಲಿ ಮಿನಿಯಾಪೊಲಿಸ್ ನಗರಕ್ಕೆ ರಚಿಸಿಕೊಟ್ಟ ಕಾನೂನಿನ ಕರಡು, ಅಶ್ಲೀಲ ಚಿತ್ರಣವನ್ನು ಸ್ತ್ರೀಯರ ನಾಗರಿಕ ಹಕ್ಕಿನ ಉಲ್ಲಂಘನೆ ಎಂದು ಪರಿಗಣಿಸಿತ್ತು. ಲಿಂಡಾ ಲವ್‌ಲೇಸ್ ಎಂದು ಹೆಸರಾಗಿದ್ದ ನಟಿ, ಗಂಡ ಹೊಡೆದು ಬೆದರಿಸಿ ತನ್ನಿಂದ ನಟನೆ ಮಾಡಿಸಿದನೆಂದು 1980ರ ಆತ್ಮಕಥೆಯಲ್ಲಿ ಬರೆದಿದ್ದರು. ರೊಯಾಲ್ ಅವರ ಯಶಸ್ಸು ಆ ಸಾಕ್ಷ್ಯವನ್ನು ಸುಳ್ಳಾಗಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಓದಿದಾಗ, ಒಪ್ಪಿಗೆಯ ಪ್ರಶ್ನೆಯ ಜೊತೆಗೇ ಹಣ, ಹಕ್ಕುಸ್ವಾಮ್ಯ ಮತ್ತು ನಿರ್ಧಾರದ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯೂ ಏಳುತ್ತದೆ.

ರೊಯಾಲ್ ಚಿಕ್ಕಂದಿನಿಂದ ಬರೆದ ದಿನಚರಿಗಳೂ ಪತ್ರಗಳೂ ಇಂದು ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯದಲ್ಲಿವೆ. ಇತಿಹಾಸಕಾರ್ತಿ ಜೇನ್ ಕಮೆನ್‌ಸ್ಕಿ ಇವನ್ನು ಆಧರಿಸಿ 2024ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಇಂಥ ದಾಖಲೆ ಉಳಿಸಿಹೋದ ನಟಿಯರು ವಿರಳ. ಆದ್ದರಿಂದ ಒಬ್ಬರ ಕಥೆಯನ್ನು ಎಲ್ಲರ ಕಥೆಯೆಂದು ಎಣಿಸಲಾಗದು. ಆದರೂ ಆ ಕಾಲದ ನಟಿಯರನ್ನು ಬಲಿಪಶುಗಳೆಂದೋ ಬಂಡಾಯಗಾರ್ತಿಯರೆಂದೋ ವಿಂಗಡಿಸುವ ಪದ್ಧತಿಗೆ ಈ ವೃತ್ತಿಜೀವನ ಒಗ್ಗುವುದಿಲ್ಲ. ಸಿನಿಮಾ ಚರಿತ್ರೆ ಅವರನ್ನು ದುಡಿದವರೆಂದು ಗುರುತಿಸಿ, ಅವರ ಮಾತನ್ನು ಆಕರವಾಗಿ ಸ್ವೀಕರಿಸಬೇಕು.