ಲೇಸರ್ ಚಾಲಿತ ಬೈಜಿಕ ಸಮ್ಮಿಲನ: ಇಂಧನ ಸಂಪೀಡನದ ಸುಧಾರಣೆ

ಹಗುರವಾದ ಪರಮಾಣು ಬೀಜಗಳು ಒಂದುಗೂಡಿ ಭಾರವಾದ ಬೀಜವಾಗುವಾಗ ಅಪಾರ ಶಕ್ತಿ ಬಿಡುಗಡೆಯಾಗುತ್ತದೆ. ಸೂರ್ಯನಲ್ಲಿ ನಡೆಯುವ ಈ ಕ್ರಿಯೆಯನ್ನು ಬೈಜಿಕ ಸಮ್ಮಿಲನ ಎಂದು ಕರೆಯಲಾಗುತ್ತದೆ. ಭೂಮಿಯ ಮೇಲೆ ಇದನ್ನು ಸಾಧಿಸುವ ವಿಧಾನಗಳಲ್ಲಿ ಒಂದು, ಜಲಜನಕದ ರೂಪಗಳಾದ ಡ್ಯುಟೀರಿಯಂ ಮತ್ತು ಟ್ರಿಟಿಯಂ ತುಂಬಿದ, ಸುಮಾರು 2 ಮಿ.ಮೀ. ವ್ಯಾಸದ ಗುಳಿಗೆಯನ್ನು ಲೇಸರ್ ಕಿರಣಗಳ ಬಲದಿಂದ ಕುಗ್ಗಿಸುವುದಾಗಿದೆ. ಗುಳಿಗೆಯ ಹೊರಮೈ ಕಾದು ಹೊರಕ್ಕೆ ಸಿಡಿಯುತ್ತದೆ. ದೀಪಾವಳಿಯ ರಾಕೆಟ್ಟಿನಂತೆ, ಅದರ ಪ್ರತಿಕ್ರಿಯೆಯಿಂದ ಒಳಭಾಗವು ಕೇಂದ್ರದ ಕಡೆಗೆ ನೂಕಲ್ಪಡುತ್ತದೆ.

ಸಂಪೀಡನದ ಅಗತ್ಯ

ಇಂಧನದ ಸಾಂದ್ರತೆ ಎರಡರಷ್ಟಾದರೆ, ಅದೇ ಪ್ರಮಾಣದಲ್ಲಿ ಉರಿಯಲು ಬೇಕಾಗುವ ಇಂಧನ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ದ್ರವರೂಪದ ಸಾಂದ್ರತೆಯ ಸಾವಿರ ಪಟ್ಟು ಮೀರಿ ಅದನ್ನು ಒತ್ತಬೇಕಾಗುತ್ತದೆ. ಈ ವಿಚಾರವನ್ನು ಜಾನ್ ನಕಲ್ಸ್ ಮತ್ತು ಸಹೋದ್ಯೋಗಿಗಳು 1972ರಲ್ಲಿ ಪ್ರಕಟಿಸಿದರು. ಅದನ್ನು ಕಾರ್ಯರೂಪಕ್ಕೆ ತರಲು ಐವತ್ತು ವರ್ಷಗಳು ಹಿಡಿದವು.

ವಿಳಂಬಕ್ಕೆ ಮುಖ್ಯ ಕಾರಣ ಅಸಮ ಒತ್ತಡ. ಮೇಲವಂಕಿ ಭಾಗದ ಎರೆಮಣ್ಣಿನ ಹಸಿ ಉಂಡೆಯನ್ನು ಮುಷ್ಟಿಯಲ್ಲಿ ಒತ್ತಿದರೆ ಮಣ್ಣು ಬೆರಳ ಸಂದಿಗಳಿಂದ ಹೊರನುಗ್ಗುವುದನ್ನು ಯಾರೂ ಕಂಡಿರುತ್ತಾರೆ. ಗುಳಿಗೆಯ ಸ್ಥಿತಿಯೂ ಹೀಗೆಯೇ. ಇದಲ್ಲದೆ, ಎಣ್ಣೆಯ ಮೇಲೆ ನೀರನ್ನು ಸುರಿದಾಗ ನೀರು ಎಣ್ಣೆಯನ್ನು ಸೀಳಿಕೊಂಡು ಕೆಳಗಿಳಿಯುವಂತೆ, ಹಗುರ ಪದಾರ್ಥವು ಭಾರವಾದುದನ್ನು ನೂಕುವೆಡೆ ಚಿಕ್ಕ ಓರೆಕೋರೆಯೂ ಬೆಳೆಯುತ್ತದೆ. ಇದಕ್ಕೆ ರೇಲೀ-ಟೇಲರ್ ಅಸ್ಥಿರತೆ ಎಂದು ಹೆಸರು. ಇದರಿಂದ ಗುಳಿಗೆಯ ಕವಚದ ಚೂರುಗಳು ಇಂಧನದಲ್ಲಿ ಬೆರೆತು ಅದನ್ನು ತಣ್ಣಗಾಗಿಸುತ್ತವೆ.

ಅನುಸರಿಸಲಾದ ಕ್ರಮಗಳು

ಅವಕೆಂಪು ಲೇಸರ್ ಬೆಳಕನ್ನು ಅತಿನೇರಳೆಗೆ ಪರಿವರ್ತಿಸಲಾಗುತ್ತದೆ. ಇದರಿಂದ ಬೆಳಕು ಹೆಚ್ಚು ಹೀರಲ್ಪಡುತ್ತದೆ ಮತ್ತು ಇಂಧನವನ್ನು ಅಕಾಲದಲ್ಲಿ ಕಾಯಿಸುವ ಎಲೆಕ್ಟ್ರಾನುಗಳು ಕಡಿಮೆಯಾಗುತ್ತವೆ. ಕಾದ ಅನಿಲವನ್ನು ಒತ್ತುವುದು ಕಷ್ಟವಾದುದರಿಂದ, ಲೇಸರಿನ ಬಲವನ್ನು ಒಮ್ಮೆಲೇ ಹೇರದೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಲಾಗುತ್ತದೆ. ಕಿರಣಗಳನ್ನು ನೇರವಾಗಿ ಗುಳಿಗೆಗೆ ತಾಗಿಸದೆ ಲೋಹದ ಕೊಳವೆಯೊಳಗೆ ಹಾಯಿಸಿ, ಅಲ್ಲಿ ಹುಟ್ಟುವ ಕ್ಷ-ಕಿರಣಗಳಿಂದ ಒತ್ತಡ ಹೇರುವ ಪದ್ಧತಿಯೂ ಇದೆ. ವಜ್ರದ ಕವಚ ಹಾಗೂ ಇಂಧನ ತುಂಬುವ ಸೂಕ್ಷ್ಮ ನಳಿಗೆಯನ್ನು ಇನ್ನಷ್ಟು ತೆಳುವಾಗಿಸಿದ್ದೂ ಫಲ ನೀಡಿವೆ.

ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಕಿರಣಗಳ ನೆರವಿನಿಂದ 2022ರ ಡಿಸೆಂಬರ್ 5ರಂದು 2.05 ಮೆಗಾಜೌಲ್ ಲೇಸರ್ ಶಕ್ತಿಗೆ 3.15 ಮೆಗಾಜೌಲ್ ಸಮ್ಮಿಲನ ಶಕ್ತಿ ದೊರೆಯಿತು. ಹಿಂದಿನ ಪ್ರಯೋಗಗಳಿಗಿಂತ ತುಸು ದಪ್ಪನೆಯ ಕವಚ ಮತ್ತು ಹೆಚ್ಚಿನ ಲೇಸರ್ ಶಕ್ತಿಯನ್ನು ಅಂದು ಬಳಸಲಾಗಿತ್ತು.

ಆದರೆ ಜಮಾ-ಖರ್ಚಿನ ಲೆಕ್ಕವನ್ನು ಪೂರ್ಣವಾಗಿ ನೋಡುವುದು ಉಚಿತ. ನಮ್ಮ ಮೀಟರಿನ ಒಂದು ಯೂನಿಟ್ 3.6 ಮೆಗಾಜೌಲ್‌ಗೆ ಸಮ. ಅಂದು ದೊರೆತದ್ದು ಒಂದು ಯೂನಿಟ್ಟಿಗೂ ಕಡಿಮೆ. ಲೇಸರನ್ನು ನಡೆಸಲು ವಿದ್ಯುತ್ ಜಾಲದಿಂದ ಪಡೆದದ್ದು ಸುಮಾರು 300 ಮೆಗಾಜೌಲ್, ಅಂದರೆ 83 ಯೂನಿಟ್. ಗೋಕಾಕ, ಮೂಡಲಗಿ, ಹುಕ್ಕೇರಿಯ ಪಂಪ್‌ಸೆಟ್ಟುಗಳಿಗೆ ಈ ಮೂಲದಿಂದ ವಿದ್ಯುತ್ ಬರಬೇಕಾದರೆ ಲೇಸರಿನ ದಕ್ಷತೆ ಹೆಚ್ಚಬೇಕು, ಕಡಿಮೆ ಲೇಸರ್ ಶಕ್ತಿಯಲ್ಲಿ ಹೆಚ್ಚಿನ ಸಂಪೀಡನ ಸಾಧ್ಯವಾಗಬೇಕು, ಮತ್ತು ಈ ಕ್ರಿಯೆ ಸೆಕೆಂಡಿಗೆ ಹಲವು ಬಾರಿ ನಡೆಯಬೇಕು.

ಕರ್ನಾಟಕ ಮತ್ತು ಭಾರತ

ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಜನಿಸಿದ ಡಾ. ರಾಜಾ ರಾಮಣ್ಣ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅವಧಿಯಲ್ಲಿ, 1984ರಲ್ಲಿ, ಇಂದೋರಿನಲ್ಲಿ ಲೇಸರ್ ಹಾಗೂ ವೇಗವರ್ಧಕಗಳ ಸಂಶೋಧನಾ ಕೇಂದ್ರಕ್ಕೆ ಅಡಿಗಲ್ಲು ಹಾಕಲಾಯಿತು. 2005ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು. ಅಧಿಕ ಶಕ್ತಿಯ ಲೇಸರ್‌ಗಳನ್ನು ಪದಾರ್ಥಕ್ಕೆ ತಾಗಿಸಿ ಹುಟ್ಟುವ ಪ್ಲಾಸ್ಮಾದ ಅಧ್ಯಯನ ಅಲ್ಲಿ ನಡೆದಿದೆ. ಲಿವರ್‌ಮೋರ್‌ನ ಪ್ರಮಾಣದ ಲೇಸರ್ ಭಾರತದಲ್ಲಿಲ್ಲ; ದೇಶದ ಸಮ್ಮಿಲನ ಕಾರ್ಯಕ್ರಮವು ಮುಖ್ಯವಾಗಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಕಾಂತೀಯ ವಿಧಾನವನ್ನು ಅವಲಂಬಿಸಿದೆ. ಇಂಧನಗಳ ಪೈಕಿ ಡ್ಯುಟೀರಿಯಂ ನೀರಿನಿಂದ ಸಿಗುತ್ತದೆ. ಟ್ರಿಟಿಯಂ ನಿಸರ್ಗದಲ್ಲಿ ಅತ್ಯಲ್ಪ. ಕೈಗಾದಲ್ಲಿರುವಂತಹ ಭಾರಜಲ ಸ್ಥಾವರಗಳಲ್ಲಿ ಅದು ಉಪಉತ್ಪನ್ನವಾಗಿ ಹುಟ್ಟುತ್ತದೆ, ಮತ್ತು ಸುಮಾರು 12.3 ವರ್ಷಗಳಲ್ಲಿ ಅರ್ಧದಷ್ಟು ಕ್ಷಯಿಸುತ್ತದೆ.