ಹರಿಗೋಲಿನಿಂದ ಹಡಗಿಗೆ



ಕಳೆದ ವಾರ ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ದೂರವಾಣಿ ಮಾಡಿದ್ದಳು. ಬರುವ ಮಾಘಮಾಸದಲ್ಲಿ ಅವಳ ಮದುವೆ. ಮದುವೆಯ ತರುವಾಯ ಮುಂಬಯಿಯಲ್ಲಿ ಹಡಗು ಹತ್ತಿ, ಐದು ರಾತ್ರಿ ಸಮುದ್ರದ ಮೇಲೆ ಕಳೆದು ಬರಬೇಕೆಂದು ವಧೂವರರ ಯೋಜನೆ. ಇಂತಹ ವಿಹಾರಯಾನಕ್ಕೆ ಕ್ರೂಸ್ ಎಂಬ ಹೆಸರು ಈಗ ಎಲ್ಲರಿಗೂ ಪರಿಚಿತ. "ತಾತ, ನೀವು ಇತಿಹಾಸ ಪಾಠ ಮಾಡಿದವರು. ನಮ್ಮ ಕಡೆಯವರು ಯಾರಾದ್ರೂ ಹೀಗೆ ನೀರಿನ ಮೇಲೆ ಹನಿಮೂನಿಗೆ ಹೋಗಿದ್ರಾ?" ಎಂದು ನಗುತ್ತ ಕೇಳಿದಳು. ನಗು ನಿಂತ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು: "ನನಗೆ ಮಡಿಕೇರಿ ಬಸ್ಸಿನಲ್ಲೇ ವಾಂತಿಯಾಗುತ್ತೆ ತಾತ. ಅವರಿಗೆ ಇನ್ನೂ ಹೇಳಿಲ್ಲ."

ಮೊದಲನೆಯ ಪ್ರಶ್ನೆಗೆ ಉತ್ತರಿಸುವುದು ಮೇಷ್ಟರ ಕೆಲಸ. ಎರಡನೆಯ ಮಾತು ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಶ್ರೀರಂಗಪಟ್ಟಣ ಒಂದು ದ್ವೀಪವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಬಸ್ಸಿನಲ್ಲಿ ಕುಳಿತವನಿಗೆ ಕಾವೇರಿಯ ಎರಡು ಕವಲುಗಳನ್ನು ದಾಟಿದ್ದು ತಿಳಿಯುವುದೇ ಇಲ್ಲ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಇಂದಿಗೂ ಕಲ್ಲುಕಂಬಗಳ ಮೇಲೆ ನಿಂತಿದೆ; 1880ರ ದಶಕದ ಆರಂಭದಲ್ಲಿ ರೈಲೂ ಬಂದಿತು. ಆದರೆ ಸೇತುವೆ ಇದ್ದದ್ದು ಹೆದ್ದಾರಿಗೆ. ಹೊಳೆಯ ಆಚೀಚೆ ದಡದ ಹಳ್ಳಿಗಳ ನಡುವೆ ಹೆಣ್ಣು ತಂದು ಹೆಣ್ಣು ಕೊಟ್ಟವರಿಗೆ ಹರಿಗೋಲೇ ಗತಿ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಎಡೆಯಲ್ಲಿ ಅಂಬಿಗರಹಳ್ಳಿಯೆಂಬ ಊರೇ ಇದೆ. 2022ರಲ್ಲಿ ಅಲ್ಲಿ ಕುಂಭಮೇಳ ನಡೆದದ್ದು ನಿಮಗೆ ನೆನಪಿರಬಹುದು. ದೋಣಿ ನಡೆಸುವವರ ಹೆಸರನ್ನೇ ಊರು ಹೊತ್ತಿದೆಯೆಂದರೆ ಅವರು ಎಷ್ಟು ಬೇಕಾದವರಾಗಿದ್ದರೆಂದು ಊಹಿಸಿಕೊಳ್ಳಿ.

ಹರಿಗೋಲಿಗೆ ದೊಡ್ಡ ಚರಿತ್ರೆಯೂ ಉಂಟು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್, ತೊಗಲು ಹೊದಿಸಿದ ಬುಟ್ಟಿಯಂತಹ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ನದಿ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಸೇನಾಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ, 1803ರ ಮರಾಠಾ ಯುದ್ಧದಲ್ಲಿ ತನ್ನ ದಂಡನ್ನು ಹೊಳೆ ದಾಟಿಸಲು ಇದೇ ಬುಟ್ಟಿದೋಣಿಗಳನ್ನು ಮಾಡಿಸಿಕೊಂಡ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಮಹಾಶಯನೂ ಈತನೇ. ಬಿದಿರಿನ ಹೆಣಿಗೆಗೆ ಹೊದಿಸುತ್ತಿದ್ದ ತೊಗಲಿನ ಬದಲು ಈಗ ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ಆಕಾರ ಮಾತ್ರ ಪಾಯೆಸ್ ಕಂಡದ್ದೇ.

ಆ ಹರಿಗೋಲಿನಲ್ಲಿ ಮದುವಣಗಿತ್ತಿ ಒಬ್ಬಳೇ ಗಂಡನೊಡನೆ ಕೂರುತ್ತಿರಲಿಲ್ಲ. ಸೋದರತ್ತೆ, ಚಿಕ್ಕಮ್ಮ, ಮಡಿಲಕ್ಕಿ, ತಾಮ್ರದ ಕೊಡ, ಅಳುವ ಮಕ್ಕಳು ಎಲ್ಲವೂ ಜೊತೆಗೆ. ಹತ್ತುವ ಮುನ್ನ ಗಂಗೆಗೆ ಅರಿಸಿನ ಕುಂಕುಮ, ಬಾಗಿನ. ಯಾರು ಎಲ್ಲಿ ಕೂರಬೇಕೆಂದು ಅಂಬಿಗ ಮೈತೂಕ ನೋಡಿ ಹೇಳುತ್ತಿದ್ದ. ಬೀಗರಲ್ಲಿ ಹಿರಿಯರಾದವರೂ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಮಧುಚಂದ್ರ ಎಂಬ ಪದವೇ ಆಗ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಿ ನಾಲ್ಕು ದಿನ ಉಪಚಾರ ಮಾಡಿಸಿಕೊಂಡು ಬಂದರೆ ಅದೇ ಮಧುಚಂದ್ರ. ನಮ್ಮ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ 'ಮೈಸೂರು ಮಲ್ಲಿಗೆ'ಯನ್ನು ಪ್ರಕಟಿಸಿದಾಗ ನಾಡಿಗೆ ನಾಡೇ ಅದನ್ನು ತನ್ನದೆಂದುಕೊಂಡಿತು. ಅಲ್ಲಿನ ದಂಪತಿಗಳ ಪ್ರಯಾಣವೆಲ್ಲ ತವರಿಗೂ ಗಂಡನ ಮನೆಗೂ ನಡುವಿನದೇ.

ಇಬ್ಬರೇ ಹೋಗುವ ರೂಢಿಯನ್ನು ನಮ್ಮ ಸೀಮೆಗೆ ತಂದದ್ದು ಕನ್ನಂಬಾಡಿ ಎಂದು ನನ್ನ ಅಭಿಪ್ರಾಯ. 1911ರಲ್ಲಿ ಆರಂಭವಾದ ಅಣೆಕಟ್ಟು ಮುಗಿಯುವ ಹೊತ್ತಿಗೆ ದಿವಾನ್ ಮಿರ್ಜಾ ಇಸ್ಮಾಯಿಲ್ಲರು ಅದರ ಬುಡದಲ್ಲಿ ಬೃಂದಾವನವನ್ನು ಬೆಳೆಸಿದರು. ಬಣ್ಣದ ದೀಪ, ಕಾರಂಜಿ, ನಡುವೆ ದೋಣಿವಿಹಾರದ ಕೊಳ. ಸಿನಿಮಾದವರು ಬಂದು ಅಲ್ಲಿ ಹಾಡಿ ಕುಣಿದ ಮೇಲೆ ಕೇಳಬೇಕೆ? ಹೊಸದಾಗಿ ಮದುವೆಯಾದವರು ಅಲ್ಲಿಗೊಮ್ಮೆ ಹೋಗದಿದ್ದರೆ ಮದುವೆ ಅಪೂರ್ಣವೆಂಬ ಭಾವನೆ ನನ್ನ ಯೌವನದ ಕಾಲಕ್ಕೆ ಬಂದಿತ್ತು.

ನಾನೂ ಹೋದೆ. 1973ರ ಫೆಬ್ರವರಿ. ನನ್ನಾಕೆ ನಾಗಮಂಗಲದ ಬೆದ್ದಲು ಸೀಮೆಯವಳು. ಮಳೆ ಬಂದರೆ ಕೆರೆ, ಬಾರದಿದ್ದರೆ ಸೇದುವ ಬಾವಿ. ಹರಿಯುವ ಹೊಳೆಯನ್ನು ಹತ್ತಿರದಿಂದ ನೋಡಿದವಳಲ್ಲ. ನಾನು ಸ್ನಾನಘಟ್ಟದಲ್ಲಿ ಈಜು ಕಲಿತ ದ್ವೀಪವಾಸಿ. ಬೃಂದಾವನಕ್ಕೆ ಹೋಗುವ ಮುನ್ನ ಅವಳನ್ನು ಸಂಗಮಕ್ಕೆ ಕರೆದೊಯ್ದು ಹರಿಗೋಲು ಹತ್ತಿಸಿದೆ. ನಡುಹೊಳೆಯಲ್ಲಿ ನನ್ನ ಪೌರುಷ ಪ್ರದರ್ಶನಕ್ಕೆ ಮನಸ್ಸಾಯಿತು. "ಒಂದು ಸುತ್ತು ತಿರುಗಿಸಪ್ಪ" ಎಂದೆ. ಅಂಬಿಗ ಅವಳ ಮುಖ ನೋಡಿ ಅನುಮಾನಿಸಿದ. ನಾನು ಇನ್ನೊಂದು ರೂಪಾಯಿ ತೋರಿಸಿದೆ. ಹರಿಗೋಲು ಬುಗುರಿಯಂತೆ ಸುತ್ತಿತು, ನಾನು ನಕ್ಕೆ. ಅವಳು ಅಂಚು ಹಿಡಿದು ತಲೆ ತಗ್ಗಿಸಿ ಕುಳಿತಿದ್ದಳು. ನಾಚಿಕೆಯೆಂದು ತಿಳಿದೆ.

ಈ ಪ್ರಸಂಗವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. 1998ರಲ್ಲಿ ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಬಂದಿದ್ದ ನೆಂಟರ ಮುಂದೆ ಮತ್ತೊಮ್ಮೆ ಹೇಳಿದಾಗ, ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟು, "ಆವತ್ತು ನಾನು ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ. ಇವರ ಜೊತೆ ಬಾಳೋದು ಹ್ಯಾಗೆ ಅಂತ ರಾತ್ರಿಯೆಲ್ಲಾ ಅತ್ತಿದ್ದೆ" ಎಂದು ಒಳಗೆ ಹೋದಳು. ಇಪ್ಪತ್ತೈದು ವರ್ಷ ನಾನು ಸಂತೋಷದ ದಿನವೆಂದು ಸಾರಿಕೊಂಡು ಬಂದದ್ದು ಅವಳಿಗೆ ಭಯದ ದಿನವಾಗಿತ್ತು. ಅಂಬಿಗನಿಗೆ ಒಂದು ನೋಟಕ್ಕೆ ತಿಳಿದದ್ದು ಪದವೀಧರನಾದ ನನಗೆ ತಿಳಿಯಲಿಲ್ಲ.

ಮೊಮ್ಮಗಳ ಮಾತು ಕೇಳಿ ನಿದ್ದೆ ಬಾರದ್ದು ಇದಕ್ಕೆ. ಆದ್ದರಿಂದ ಅವಳಿಗೆ ಮೊದಲು ಹೇಳಿದ್ದು, "ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಹುಡುಗನಿಗೆ ಹೇಳಿಬಿಡು ತಾಯಿ" ಎಂದು. ಉಳಿದದ್ದನ್ನು, ಅವಳಿಗೂ ಅವಳಂತೆ ಹೊರಡಲಿರುವ ನಿಮ್ಮ ಮನೆಯ ಮಕ್ಕಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ಇದು ಕೇವಲ ಪುಸ್ತಕದ ಬದನೆಕಾಯಿಯಲ್ಲ. 2019ರಲ್ಲಿ ಮಗ ನಮ್ಮಿಬ್ಬರನ್ನೂ ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಮೂರು ರಾತ್ರಿಯ ಯಾನಕ್ಕೆ ಕರೆದೊಯ್ದಿದ್ದ.

ಕಾಲದ ವಿಚಾರ ಮೊದಲು. ಆಷಾಢದಲ್ಲಿ ನವದಂಪತಿಗಳನ್ನು ಅಗಲಿಸುವ ನಮ್ಮ ಪದ್ಧತಿಗೆ ನೂರು ಕಾರಣ ಹೇಳುತ್ತಾರೆ. ಅವನ್ನು ವಿಮರ್ಶಿಸಲು ಹೋಗುವುದಿಲ್ಲ. ಹೊಳೆ ತುಂಬಿ ಹರಿಗೋಲು ನಿಲ್ಲುವ ತಿಂಗಳೂ ಅದೇ ಎಂಬುದು ಮಾತ್ರ ನಿಜ. ಕಡಲಿಗೂ ಅದೇ ನಿಯಮ. ಹಿಂದೆ ಮುಂಬಯಿಯಿಂದ ಗೋವಾ ಕಡೆಗೆ ಓಡಾಡುತ್ತಿದ್ದ ಉಗಿಹಡಗುಗಳು ಮುಂಗಾರಿನಲ್ಲಿ ಸಂಚಾರ ನಿಲ್ಲಿಸುತ್ತಿದ್ದವು. ನಾನು ಹುಟ್ಟಿದ ವರ್ಷ, 1947ರ ಜುಲೈ 17ರಂದು, ಆಷಾಢದ ಅಮಾವಾಸ್ಯೆಯ ದಿನ, ಮುಂಬಯಿಯಿಂದ ರೇವಸ್ ಎಂಬ ಸಮೀಪದ ಬಂದರಿಗೆ ಹೊರಟ 'ರಾಮದಾಸ್' ಎಂಬ ಹಡಗು ಮಳೆಗಾಳಿಗೆ ಸಿಕ್ಕಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಇಂದಿನ ಹಡಗುಗಳನ್ನು ಅದಕ್ಕೆ ಹೋಲಿಸಲಾಗದು; ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಉಬ್ಬರ ಹೊಟ್ಟೆ ತೊಳಸುವುದಕ್ಕೆ ಸಾಕು. ನವೆಂಬರ್‌ನಿಂದ ಫೆಬ್ರವರಿಯವರೆಗೆ ನೀರು ಶಾಂತ. ಮಾಘದ ಲಗ್ನ ಆ ಮಟ್ಟಿಗೆ ಒಳ್ಳೆಯದೇ.

ಕೋಣೆಯನ್ನು ಆರಿಸುವಾಗ ಮೇಲಂತಸ್ತಿನ ಮೊಗಸಾಲೆಯುಳ್ಳ ಕೋಣೆಯೇ ಬೇಕೆಂದು ಹೊಸಬರು ಹಟ ಹಿಡಿಯುತ್ತಾರೆ. ಉಯ್ಯಾಲೆಯನ್ನು ನೆನೆಯಿರಿ: ಹಗ್ಗವನ್ನು ತೊಲೆಗೆ ಕಟ್ಟಿದ ಕಡೆ ಅಲುಗಾಟವೇ ಇಲ್ಲ, ತುದಿಯ ಮಣೆಗೆ ಎಲ್ಲ ತೂಗಾಟ. ಹಡಗಿನಲ್ಲಿ ಹಾಗೆ ಅಲುಗಾಟ ಕಡಿಮೆಯಿರುವುದು ನಡುಭಾಗದ ಕೆಳ ಅಂತಸ್ತುಗಳಲ್ಲಿ. ಬಾಡಿಗೆಯೂ ಅಲ್ಲಿ ಕಡಿಮೆ. 2019ರಲ್ಲಿ ನನ್ನಾಕೆ ಈ ವಿಷಯದಲ್ಲಿ ಮಗನ ಮಾತನ್ನಾಗಲಿ ನನ್ನ ಮಾತನ್ನಾಗಲಿ ಕೇಳಲಿಲ್ಲ. "ನನಗೆ ನೀರೆಂದರೆ ಭಯ, ಕೆಳಗಿನ ಕೋಣೆಯೇ ಇರಲಿ" ಎಂದು ನೇರವಾಗಿ ಹೇಳಿ ಅದನ್ನೇ ಪಡೆದಳು. ಕಣ್ಣು ಕಾಣುವುದಕ್ಕೂ ಒಳಗಿವಿ ತಿಳಿಯುವುದಕ್ಕೂ ಹೊಂದಾಣಿಕೆ ತಪ್ಪಿದಾಗ ತಲೆ ಸುತ್ತುತ್ತದೆ. ಆಗ ಕೋಣೆಯೊಳಗೆ ಮೊಬೈಲ್ ನೋಡುತ್ತ ಮಲಗದೆ ಹೊರಗೆ ಬಂದು ದಿಗಂತವನ್ನು ನೋಡಬೇಕು. ಬರಿಹೊಟ್ಟೆಯೂ ಕೂಡದು, ಬಿಟ್ಟಿ ಸಿಕ್ಕಿತೆಂದು ಬಿರಿಯುವಷ್ಟು ತಿನ್ನುವುದೂ ಕೂಡದು. ಮಾತ್ರೆಯನ್ನು ವೈದ್ಯರನ್ನು ಕೇಳಿ ಮುಂಚೆಯೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಶುಂಠಿ ಜೊತೆಗಿರಲಿ.

ಕಾಗದಪತ್ರದಲ್ಲಿ ಹೊಸ ಹೆಂಡತಿಯರು ಎಡವುವ ಸ್ಥಳ ಒಂದಿದೆ. ಮದುವೆಯ ಉತ್ಸಾಹದಲ್ಲಿ ಟಿಕೆಟ್ಟಿಗೆ ಗಂಡನ ಹೆಸರನ್ನು ಸೇರಿಸಿಬಿಡುತ್ತಾರೆ; ಪಾಸ್‌ಪೋರ್ಟಿನಲ್ಲಿ ತವರಿನ ಹೆಸರೇ ಇರುತ್ತದೆ. ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅಕ್ಷರ ತಪ್ಪದೆ ಹಾಗೆಯೇ ಬರೆಸಬೇಕು. ಹೊರದೇಶದ ಬಂದರು ಮುಟ್ಟುವ ಯಾನವಾದರೆ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಲಿ, ವೀಸಾ ಬೇಕೇ ಎಂದೂ ವಿಚಾರಿಸಿ. ಜಾಹೀರಾತಿನ ಬೆಲೆಯನ್ನು ನಂಬಿ ಹೊರಡಬಾರದು. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು, ದಡದ ಪ್ರವಾಸ, ಇಂಟರ್‌ನೆಟ್ಟು ಎಲ್ಲ ಸೇರಿದಾಗ ಮೊತ್ತ ಬೇರೆಯಾಗುತ್ತದೆ. ಬೀಗರೂಟ ಮುಗಿಸಿ ಕೈ ತೊಳೆದ ಮರುದಿನವೇ ಹಡಗು ಹತ್ತುವ ಸಾಹಸವೂ ಬೇಡ. ಎರಡು ದಿನ ಮಲಗಿ ಏಳಿ, ಬಂದರಿನ ಊರಿಗೆ ಹಿಂದಿನ ದಿನವೇ ತಲುಪಿ. ದಾರಿಯ ಬಂದರಿನಲ್ಲಿ ಇಳಿದು ಹೊತ್ತು ಮೀರಿದರೆ ಹಡಗು ಕಾಯುವುದಿಲ್ಲ. ಕೂಗಿ ನಿಲ್ಲಿಸಲು ಅದು ಪಾಂಡವಪುರದ ಖಾಸಗಿ ಬಸ್ಸಲ್ಲ.

ಹಡಗು ಹೊರಡುವ ಮುನ್ನ ರಕ್ಷಣಾಭ್ಯಾಸ ಮಾಡಿಸುತ್ತಾರೆ. ಹುಡುಗರು ಅದನ್ನು ತಮಾಷೆಯೆಂದು ತಪ್ಪಿಸಿಕೊಳ್ಳಲು ನೋಡುತ್ತಾರೆ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿಯೂ ಮಧುಚಂದ್ರ ಮುಗಿಸಿ ಮರಳುತ್ತಿದ್ದವರಿದ್ದರು. ಆಗರ್ಭ ಶ್ರೀಮಂತನಾದ ಜಾನ್ ಜೇಕಬ್ ಆಸ್ಟರ್ ಗರ್ಭಿಣಿ ಹೆಂಡತಿಯನ್ನು ದೋಣಿ ಹತ್ತಿಸಿ ತಾನು ಮುಳುಗಿದ. ಎಲ್ಲರಿಗೂ ಸಾಲುವಷ್ಟು ದೋಣಿಗಳಿರಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದು ಆ ದುರಂತದ ಮೇಲೆ, 1914ರಲ್ಲಿ. 2012ರಲ್ಲಿ ಇಟಲಿಯ ಕಡಲತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದಾಗ, ಅಂದೇ ಹತ್ತಿದ್ದ ಅನೇಕರಿಗೆ ಅಭ್ಯಾಸವೇ ಆಗಿರಲಿಲ್ಲ. ಅಭ್ಯಾಸ ಹೊರಡುವ ಮುನ್ನವೇ, ತಪ್ಪಿದರೆ ಹೊರಟ ಕೂಡಲೇ ನಡೆಯಬೇಕೆಂಬ ನಿಯಮ 2015ರಿಂದ ಜಾರಿಗೆ ಬಂದಿದೆ. ಅಂಬಿಗನ ಮಾತು ಕೇಳುವುದೆಂದರೆ ಇದೇ. ಕೋಣೆಯಿಂದ ನಿಮ್ಮ ದೋಣಿಯ ಜಾಗಕ್ಕೆ ಇಬ್ಬರೂ ಒಮ್ಮೆ ಕಾಲ್ನಡಿಗೆಯಲ್ಲಿ ಹೋಗಿ ಬನ್ನಿ.

ಇಷ್ಟನ್ನು ಬರೆದು ಮುಗಿಸುವಷ್ಟರಲ್ಲಿ, ನಿನ್ನೆ ಸಂಜೆ, ಹುಡುಗಿಯ ಫೋನು ಬಂತು. ಹೇಳಿದಳಂತೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಐದು ರಾತ್ರಿಯ ಯಾನವನ್ನು ಬಿಟ್ಟು ಎರಡು ರಾತ್ರಿಯದನ್ನು ನೋಡೋಣ ಎಂದನಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದುದರ ಅರ್ಥವೇನೆಂದು ನನ್ನನ್ನು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಫೋನನ್ನು ಅವಳ ಅಜ್ಜಿಗೆ ಕೊಟ್ಟೆ. ಅವರಿಬ್ಬರೂ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತನಾಡಿದರು.

ಹೊರಗೆ ಬಂದು ನನ್ನಾಕೆ ಕೇಳಿದ್ದು ಒಂದೇ: ಸಮುದ್ರರಾಜನಿಗೆ ಬಾಗಿನವನ್ನು ಹಡಗಿನಿಂದ ಬಿಡಬಹುದೇ ಎಂದು. ಹಡಗಿನಿಂದ ಏನನ್ನೂ ನೀರಿಗೆ ಎಸೆಯುವಂತಿಲ್ಲ, ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚುವಂತೆಯೂ ಇಲ್ಲ ಎಂದೆ. ಹಾಗಾದರೆ ಹೊರಡುವ ಮುನ್ನ ಇಬ್ಬರೂ ಇಲ್ಲಿಗೇ ಬಂದು ಸ್ನಾನಘಟ್ಟದಲ್ಲಿ ಕಾವೇರಿಗೆ ಪೂಜೆ ಮಾಡಿ ಹೋಗಲಿ ಎಂದು ತೀರ್ಮಾನವಾಗಿದೆ. ಮೊರದ ಬಾಗಿನ ಹೊಂದಿಸುವುದು ಅವಳ ಪಾಲು. ಹರಿಗೋಲಿನ ಮಾತೆತ್ತಬಾರದೆಂದು ನನಗೆ ಕಟ್ಟಪ್ಪಣೆಯಾಗಿದೆ.